ಲಾಕ್‌ಡೌನ್ ಕಾಲದಲ್ಲಿ ಫ್ಲೂ ಎಲ್ಲಿಗೆ ಹೋಗಿತ್ತು, ಆಮೇಲೆ ಯಾಕೆ ಹೊತ್ತಲ್ಲದ ಹೊತ್ತಲ್ಲಿ ಬಂತು

2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಸಲದ ಎಚ್3ಎನ್2 ಎಂಬ ಫ್ಲೂ ತಳಿಯ ಅಲೆಯಲ್ಲಿ ಮೊದಲು ದೃಢಪಟ್ಟ ಎರಡು ಸಾವುಗಳಲ್ಲಿ ಒಂದು ಹರಿಯಾಣದ್ದು, ಇನ್ನೊಂದು ಇಲ್ಲಿನ ಹಿರಿಯರೊಬ್ಬರದು. ಹೊಸ ವೈರಸ್ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಗುಲ್ಲೆದ್ದಿತು. ಎಚ್3ಎನ್2 ಹೊಸದೇನಲ್ಲ, 1968ರಿಂದ ಮನುಷ್ಯರ ನಡುವೆಯೇ ಇದೆ. ಜನರಿಗೆ ಹೊಸದಾಗಿ ಕಂಡದ್ದು ಅದರ ಜೋರು. ಎರಡು ವರ್ಷ ಹೆಚ್ಚುಕಡಿಮೆ ಕಾಣೆಯಾಗಿದ್ದ ಕಾಯಿಲೆ ಮನೆಮನೆಗೂ ಒಟ್ಟಿಗೇ ನುಗ್ಗಿತ್ತು, ಕೆಮ್ಮು ಮೂರು ವಾರವಾದರೂ ಬಿಡುತ್ತಿರಲಿಲ್ಲ. ಕೋವಿಡ್ ತಡೆಗೆ ಮಾಡಿದ ಕೆಲಸ ಫ್ಲೂವಿನ ಕಾಲಗಣನೆಯನ್ನೇ ಹೇಗೆ ಅಲುಗಾಡಿಸಿತು, ನಮ್ಮ ಮಲೆನಾಡಿನ ಮಟ್ಟಿಗೆ ಅದರಿಂದ ಇಟ್ಟುಕೊಳ್ಳಬೇಕಾದ್ದೇನು ಅನ್ನುವುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಅಂಕಿ. ದೇಶದಲ್ಲಿ ವರದಿಯಾದ ಎಚ್1ಎನ್1 ಪ್ರಕರಣಗಳು, ಅಂದರೆ ಜನ ಈಗಲೂ ಹಂದಿ ಜ್ವರ ಎನ್ನುವ ಫ್ಲೂ, 2019ರಲ್ಲಿ 28,798, ಸಾವು 1,218. 2020ರಲ್ಲಿ 2,752 ಮತ್ತು 44. ಇದರಲ್ಲಿ ಲಾಕ್‌ಡೌನಿಗೆ ಮುಂಚಿನ ಚಳಿಗಾಲದ್ದೂ ಸೇರಿದೆ. 2021ರಲ್ಲಿ ಬರೀ 778 ಮತ್ತು 12. 2022ರಲ್ಲಿ ಮತ್ತೆ 13,202 ಮತ್ತು 410.

ಈ ಸಾಲನ್ನು ಕಣ್ಣುಮುಚ್ಚಿ ನಂಬಬಾರದು. ನಮ್ಮಲ್ಲಿ ಫ್ಲೂ ಪರೀಕ್ಷೆ ಮಾಡುವುದೇ ಆಸ್ಪತ್ರೆ ಸೇರುವಷ್ಟು ಜೋರಾದವರಿಗೆ. ಕೋವಿಡ್ ಕಾಲದಲ್ಲಂತೂ ಜ್ವರ ಅಂದ ಕೂಡಲೇ ಮೂಗಿಗೆ ಕಡ್ಡಿ ಹಾಕಿ ಕೋವಿಡ್ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರು. ಹಾಗಾದರೆ ಫ್ಲೂ ಕಡಿಮೆಯಾಯಿತೋ, ಹುಡುಕುವವರು ಕಡಿಮೆಯಾದರೋ? ಇದಕ್ಕೆ ಉತ್ತರ ಸಿಗುವುದು ಎಷ್ಟು ಸಿಕ್ಕಿತು ಅನ್ನುವುದರಲ್ಲಿ ಅಲ್ಲ, ನೂರು ಸ್ವ್ಯಾಬ್‌ಗೆ ಎಷ್ಟು ಸಿಕ್ಕಿತು ಅನ್ನುವುದರಲ್ಲಿ. ಆಸ್ಟ್ರೇಲಿಯಾ, ಚಿಲಿ, ದಕ್ಷಿಣ ಆಫ್ರಿಕಾ ಈ ಮೂರು ದೇಶಗಳಲ್ಲಿ 2020ರ ಏಪ್ರಿಲ್‌ನಿಂದ ಜುಲೈವರೆಗೆ, ಅಂದರೆ ಅವರ ನಡುಚಳಿಗಾಲದಲ್ಲಿ, 83,307 ಮಾದರಿಗಳಿಗೆ ಫ್ಲೂ ಪರೀಕ್ಷೆ ಮಾಡಿದರು. ಸಿಕ್ಕಿದ್ದು 51. ಅದಕ್ಕೆ ಹಿಂದಿನ ಮೂರು ವರ್ಷ ಅದೇ ತಿಂಗಳುಗಳಲ್ಲಿ ನೂರಕ್ಕೆ ಹದಿನಾಲ್ಕರ ಹತ್ತಿರ ಸಿಗುತ್ತಿತ್ತು. ಅಮೆರಿಕದಲ್ಲಿ 2019–20ರ ಸೀಸನ್‌ನಲ್ಲಿ ಫ್ಲೂನಿಂದ 199 ಮಕ್ಕಳು ತೀರಿಕೊಂಡಿದ್ದರೆ 2020–21ರಲ್ಲಿ ಒಂದೇ ಒಂದು ಸಾವು. ಹುಡುಕಿದರೂ ಸಿಗದಷ್ಟು ಫ್ಲೂ ನಿಜವಾಗಿಯೇ ಇಳಿದಿತ್ತು.

ಅದೇ ಮಾಸ್ಕು, ಅದೇ ಲಾಕ್‌ಡೌನು ಕೋವಿಡನ್ನು ನಿಲ್ಲಿಸಲಿಲ್ಲ, ಫ್ಲೂವನ್ನು ಮಾತ್ರ ಹೇಗೆ ನೆಲಕ್ಕೆ ಹಚ್ಚಿತು? ಇಲ್ಲಿ ಗಣಿತ ಒಂದು ಇದೆ, ಕಷ್ಟದ್ದಲ್ಲ. ಒಬ್ಬ ಫ್ಲೂ ರೋಗಿ ಸರಾಸರಿ 1.3 ಮಂದಿಗೆ ಹರಡುತ್ತಾನೆ. ಮೊದಲ ಕೋವಿಡ್ ತಳಿಯಲ್ಲಿ ಒಬ್ಬನಿಂದ ಎರಡೂವರೆ ಮಂದಿಗೆ. ಈಗ ಜನರ ನಡುವಿನ ಹರಡುವಿಕೆಯನ್ನು ನೂರಕ್ಕೆ 45ರಷ್ಟು ಕಡಿಮೆ ಮಾಡಿದೆವು ಅಂದುಕೊಳ್ಳಿ. ಕೋವಿಡ್‌ನ 2.5 ಇಳಿದು 1.375 ಆಯಿತು, ಒಂದಕ್ಕಿಂತ ಜಾಸ್ತಿ, ಹಾಗಾಗಿ ಇನ್ನೂ ಬೆಳೆಯುತ್ತದೆ. ಫ್ಲೂವಿನ 1.3 ಇಳಿದು 0.715. ಒಂದಕ್ಕಿಂತ ಕಡಿಮೆಯಾದರೆ ಪ್ರತಿ ಸುತ್ತಿಗೂ ಕರಗುತ್ತಲೇ ಹೋಗಬೇಕು. ಇದರ ಮೇಲೆ ಸುತ್ತಿನ ವೇಗವನ್ನೂ ಸೇರಿಸಿ. ಫ್ಲೂ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸುಮಾರು ಮೂರು ದಿನ, ಆ ಕೋವಿಡ್‌ಗೆ ಐದು ದಿನ. ತಿಂಗಳಿಗೆ ಫ್ಲೂ ಹತ್ತು ಸುತ್ತು, ಕೋವಿಡ್ ಆರು ಸುತ್ತು. ಎರಡೂ 100 ಮಂದಿಯಿಂದ ಶುರುವಾದರೆ ತಿಂಗಳ ಕೊನೆಯ ಸುತ್ತಿನಲ್ಲಿ ಹೊಸದಾಗಿ ಫ್ಲೂ ತಗುಲುವವರು ಮೂರೋ ನಾಲ್ಕೋ ಜನ, ಕೋವಿಡ್ ತಗುಲುವವರು 675ರ ಆಸುಪಾಸು. ಯಾವ ತಡೆಯೂ ಇಲ್ಲದಿದ್ದರೆ ಫ್ಲೂ ಕೂಡ 1,380ಕ್ಕೆ ಹೋಗಿರುತ್ತಿತ್ತು. ಮಾಸ್ಕ್ ಕೆಲಸ ಮಾಡುವುದಿಲ್ಲ, ಮಾಡಿದ್ದರೆ ಕೋವಿಡ್ ನಿಲ್ಲಬೇಕಿತ್ತು ಎಂದು ವಾದಿಸುವವರೂ, ಮಾಸ್ಕ್ ಒಂದೇ ಫ್ಲೂವನ್ನು ಓಡಿಸಿತು ಎನ್ನುವವರೂ ಈ ಲೆಕ್ಕವನ್ನು ಮಾಡಿ ನೋಡುವುದಿಲ್ಲ.

ಹಾಗಾದರೆ ಆ 45ರಲ್ಲಿ ಯಾವುದರ ಪಾಲು ಎಷ್ಟು? ಎಲ್ಲ ಕ್ರಮಗಳೂ ಒಂದೇ ವಾರದಲ್ಲಿ ಜಾರಿಯಾದ್ದರಿಂದ ಬಿಡಿಸಿ ಹೇಳುವುದು ಕಷ್ಟ. ಆದರೂ ನನ್ನ ಅಂದಾಜಿನಲ್ಲಿ ದೊಡ್ಡ ಪಾಲು ಎರಡಕ್ಕೆ ಸೇರಬೇಕು: ಮುಚ್ಚಿದ ಶಾಲೆ, ನಿಂತ ಪ್ರಯಾಣ.

ಶಾಲೆಯ ವಿಷಯದಲ್ಲಿ ಕರ್ನಾಟಕದ ದಿನಾಂಕಗಳನ್ನು ನೆನಪಿಸಿಕೊಳ್ಳಿ. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ತರಗತಿಗಳಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು 2021ರ ಜನವರಿ 1ಕ್ಕೆ ತೆರೆದವು, ಎರಡನೇ ಅಲೆಗೆ ಮತ್ತೆ ಮುಚ್ಚಿದವು. 1ರಿಂದ 5ನೇ ತರಗತಿಯ ಮಕ್ಕಳು ಶಾಲೆಯ ಬಾಗಿಲು ಕಂಡದ್ದು 2021ರ ಅಕ್ಟೋಬರ್ 25ಕ್ಕೆ, ಅಂಗನವಾಡಿ ಮತ್ತು ಎಲ್‌ಕೆಜಿ ನವೆಂಬರ್ 8ಕ್ಕೆ. ಹತ್ತೊಂಬತ್ತು ತಿಂಗಳು. ಫ್ಲೂ ಊರೊಳಗೆ ಬರುವುದೇ ಈ ವಯಸ್ಸಿನ ಮಕ್ಕಳ ಮೂಗಿನಿಂದ. ದೊಡ್ಡವರು ಜ್ವರಕ್ಕೆ ಒಂದು ದಿನ ಮುಂಚಿನಿಂದ ಐದರಿಂದ ಏಳು ದಿನ ವೈರಸ್ ಹೊರಹಾಕಿದರೆ ಪುಟ್ಟ ಮಕ್ಕಳು ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಒಂದೇ ಬೆಂಚಿನಲ್ಲಿ ನಾಲ್ಕು ಮಕ್ಕಳು, ಒಂದೇ ನೀರಿನ ಬಾಟಲಿ. ಕೋವಿಡ್ ಮಕ್ಕಳಿಗಿಂತ ದೊಡ್ಡವರ ಮೂಲಕ ಹೆಚ್ಚು ಓಡಾಡಿತು, ಅದಕ್ಕೇ ಶಾಲೆ ಮುಚ್ಚಿದ್ದರ ಏಟು ಫ್ಲೂವಿಗೆ ಹೆಚ್ಚು ಬಿತ್ತು.

ಇನ್ನು ಪ್ರಯಾಣ. 2020ರ ಮೇ ಮಧ್ಯದವರೆಗೂ ಹಾಸನ, ಚಿಕ್ಕಮಗಳೂರು ಎರಡೂ ಹಸಿರು ವಲಯಗಳು, ಒಂದೂ ಕೋವಿಡ್ ಪ್ರಕರಣ ಇರಲಿಲ್ಲ. ಆದರೂ ಬಸ್ಸಿಲ್ಲ, ಸಂತೆಯಿಲ್ಲ, ಜಾತ್ರೆಯಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಹಾಸನಾಂಬೆಯ ದರ್ಶನವೂ ಆ ವರ್ಷ ಸಾರ್ವಜನಿಕರಿಗೆ ಇರಲಿಲ್ಲ. 2021ರ ಜೂನ್‌ನಲ್ಲಿ ರಾಜ್ಯದ ಬಹುಭಾಗಕ್ಕೆ ಸಡಿಲಿಕೆ ಕೊಟ್ಟಾಗಲೂ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ನಮ್ಮವೆರಡೂ ಇದ್ದವು. ಅಂದರೆ ಸರಿಯಾಗಿ ಮುಂಗಾರು ಹಿಡಿಯುವ ಹೊತ್ತಿಗೆ, ಫ್ಲೂ ತಲೆಯೆತ್ತುವ ಹೊತ್ತಿಗೆ, ಎರಡು ವರ್ಷ ಸತತವಾಗಿ ಬಾಗಿಲು ಹಾಕಿತ್ತು. ಫ್ಲೂ ವರ್ಷವಿಡೀ ಒಂದೇ ಊರಲ್ಲಿ ಬೀಡುಬಿಟ್ಟಿರುವುದು ಕಡಿಮೆ, ಹೊರಗಿನಿಂದ ಹೊಸ ತಳಿ ಬಂದು ಪ್ರತಿ ಸಲ ಕಿಡಿ ಹೊತ್ತಿಸಬೇಕು. ಆ ಕಿಡಿಯೇ ಬರಲಿಲ್ಲ. ವೈರಸ್‌ನ ಜೀನುಗಳನ್ನು ಓದಿ ವಂಶಾವಳಿ ಬರೆದವರು ಕಂಡ ಒಂದು ಸ್ವಾರಸ್ಯವೆಂದರೆ, ಸಾಂಕ್ರಾಮಿಕದ ವರ್ಷಗಳಲ್ಲಿ ಎ ಗುಂಪಿನ ಫ್ಲೂ (ಎಚ್1ಎನ್1, ಎಚ್3ಎನ್2 ಎರಡೂ ಈ ಗುಂಪಿನವೇ) ಉಸಿರು ಹಿಡಿದುಕೊಂಡು ಉಳಿದು, ಆಮೇಲೆ ಹೊರಗೆ ಹರಡಿದ ಜಾಗಗಳಲ್ಲಿ ದಕ್ಷಿಣ ಏಷ್ಯಾ ಮುಖ್ಯವಾದದ್ದು.

ಎಲ್ಲ ವೈರಸ್‌ಗಳೂ ಹೀಗೆ ಮಾಯವಾಗಲಿಲ್ಲ. ಬರೀ ಮೂಗು ಸೋರುವ ಮಾಮೂಲಿ ನೆಗಡಿಯ ರೈನೋವೈರಸ್ ಲಾಕ್‌ಡೌನ್‌ನ ಮಧ್ಯೆಯೂ ಆರಾಮಾಗಿ ಓಡಾಡಿಕೊಂಡಿತ್ತು. ಫ್ಲೂ ಮತ್ತು ಕೋವಿಡ್ ವೈರಸ್‌ಗಳಿಗೆ ಹೊರಗೆ ಕೊಬ್ಬಿನ ಪೊರೆಯಿದೆ, ಸೋಪಿಗೂ ಸ್ಯಾನಿಟೈಸರ್‌ಗೂ ಅದು ಕರಗುತ್ತದೆ. ರೈನೋವೈರಸ್‌ಗೆ ಆ ಪೊರೆಯೇ ಇಲ್ಲ, ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ರೈನೋವೈರಸ್ ಹೊಕ್ಕ ಗಂಟಲಲ್ಲಿ ದೇಹ ಇಂಟರ್‌ಫೆರಾನ್ ಎಂಬ ವೈರಸ್ ತಡೆಯುವ ವಸ್ತುವನ್ನು ಸುರಿಸುವುದರಿಂದ ಆ ಕೆಲವು ದಿನ ಫ್ಲೂಗೆ ಜಾಗ ಸಿಗುವುದಿಲ್ಲ ಎನ್ನುವ ವಾದವೂ ಇದೆ. ಸಣ್ಣ ಪಾಲು ಅದಕ್ಕೂ ಇರಬಹುದು.

ಶಾಶ್ವತವಾಗಿ ಹೋದದ್ದೂ ಒಂದಿದೆ. ಬಿ ಗುಂಪಿನ ಫ್ಲೂನಲ್ಲಿ ವಿಕ್ಟೋರಿಯಾ, ಯಮಗಾಟ ಎಂಬ ಎರಡು ವಂಶಗಳಿದ್ದವು. 2020ರ ಮಾರ್ಚ್ ಆದಮೇಲೆ ಯಮಗಾಟ ಸೋಂಕು ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಲಸಿಕೆಯಿಂದ ಕೈಬಿಡಲು ಹೇಳಿತು. ನಾಲ್ಕು ತಳಿಯ ಲಸಿಕೆ ಮತ್ತೆ ಮೂರು ತಳಿಗೆ ಇಳಿದದ್ದು ಇದಕ್ಕೇ. ನಾಲ್ಕರದ್ದೇ ಒಳ್ಳೆಯದು, ಮೂರರದ್ದು ಹಳೇ ಮಾಲು ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಈಗಲೂ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ವಾಪಸು ಬಂದ ಕಥೆ. ಇದಕ್ಕೆ ರೋಗನಿರೋಧಕ ಸಾಲ ಎಂಬ ಮಾತು ಚಾಲ್ತಿಗೆ ಬಂತು. ಅರ್ಧ ಸರಿ, ಅರ್ಧ ದಾರಿ ತಪ್ಪಿಸುವ ಮಾತು. ಮನೆಯೊಳಗಿದ್ದು ಮೈಯ ಶಕ್ತಿಯೇ ಕುಂದಿತು ಅನ್ನುವ ಅರ್ಥದಲ್ಲಿ ಹೇಳಿದರೆ ತಪ್ಪು, ರೋಗನಿರೋಧಕ ವ್ಯವಸ್ಥೆ ಹಾಗೆ ತುಕ್ಕು ಹಿಡಿಯುವುದಿಲ್ಲ. ಊರಿನ ಲೆಕ್ಕದಲ್ಲಿ ನೋಡಿದರೆ ಸರಿ. ಸಾಮಾನ್ಯ ಕಾಲದಲ್ಲಿ ಆರೇಳು ವರ್ಷ ತುಂಬುವಷ್ಟರಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ಫ್ಲೂ ಬಂದುಹೋಗಿರುತ್ತದೆ, ದೊಡ್ಡವರಿಗೆ ಕೆಲವು ವರ್ಷಕ್ಕೊಮ್ಮೆ ತಾಗಿ ನೆನಪು ಹಸಿಯಾಗುತ್ತಿರುತ್ತದೆ. ಎರಡು ವರ್ಷ ಅದು ನಿಂತರೆ ಫ್ಲೂ ಕಾಣದ ಮಕ್ಕಳ ಎರಡು ಬ್ಯಾಚು ಹೆಚ್ಚಾಯಿತು, ದೊಡ್ಡವರ ನೆನಪು ಮಾಸಿತು. ತಗುಲಬಲ್ಲವರ ಸಂಖ್ಯೆ ಹೆಚ್ಚಿದ್ದಾಗ ಅಲೆ ಏಳಲು ಹವಾಮಾನದ ಸಹಾಯ ಅಷ್ಟಾಗಿ ಬೇಕಿಲ್ಲ, ಕಾಲವಲ್ಲದ ಕಾಲದಲ್ಲೂ ಏಳುತ್ತದೆ. ಆಸ್ಟ್ರೇಲಿಯಾದಲ್ಲಿ 2022ರ ಸೀಸನ್ ಬೇಗ ಶುರುವಾಗಿ ಮೇ–ಜೂನ್‌ಗೇ ತುದಿ ಮುಟ್ಟಿತು. ಅಮೆರಿಕದಲ್ಲಿ ಫೆಬ್ರವರಿಗೆ ಬರಬೇಕಾದ ತುದಿ 2022ರ ಡಿಸೆಂಬರ್ ಹೊತ್ತಿಗೇ ಬಂದುಬಿಟ್ಟಿತು. ಚೀನಾ ತನ್ನ ಕಟ್ಟುಪಾಡು ಬಿಟ್ಟ ಕೆಲವೇ ವಾರಕ್ಕೆ, 2023ರ ಫೆಬ್ರವರಿ–ಮಾರ್ಚ್‌ನಲ್ಲಿ, ಎಚ್1ಎನ್1 ಎದ್ದಿತು. ನಮ್ಮಲ್ಲಿ 2022ರ ಮಳೆಗಾಲಕ್ಕೆ ಎಚ್1ಎನ್1, ಅದರ ಬೆನ್ನಿಗೇ 2023ರ ಆರಂಭದಲ್ಲಿ ಎಚ್3ಎನ್2. ಆಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಟ್ಟ ಲೆಕ್ಕದಲ್ಲಿ ತೀವ್ರ ಉಸಿರಾಟದ ತೊಂದರೆಯಿಂದ ದಾಖಲಾದವರಲ್ಲಿ ಅರ್ಧದಷ್ಟು ಮಂದಿಗೆ ಎಚ್3ಎನ್2 ಇತ್ತು. ಆಸ್ಪತ್ರೆ ಸೇರಿದ ಅಂಥವರಲ್ಲಿ ನೂರಕ್ಕೆ 10 ಮಂದಿಗೆ ಆಮ್ಲಜನಕ, 7 ಮಂದಿಗೆ ಐಸಿಯು ಬೇಕಾಯಿತು.

ಆದರೆ ಈ ಮೂರು ವರ್ಷದ ಏರುಪೇರನ್ನು ನೋಡಿ ಇನ್ನು ಫ್ಲೂಗೆ ಕಾಲವೇ ಇಲ್ಲ ಅಂದುಕೊಂಡರೆ ತಪ್ಪು. ಅದು ಒಂದು ಸಲದ ತಳ್ಳು. ತಗುಲಬಲ್ಲವರ ಸಂಖ್ಯೆ ಹಳೆಯ ಮಟ್ಟಕ್ಕೆ ಬಂದ ಮೇಲೆ ಮತ್ತೆ ಹವಾಮಾನವೇ ಯಜಮಾನ.

ನಮ್ಮ ಕಡೆಯ ಫ್ಲೂ ಮಳೆಯ ಜೊತೆಗೆ

ಚಳಿದೇಶಗಳಲ್ಲಿ ಫ್ಲೂ ಒಣ ಚಳಿಗೆ ಬರುತ್ತದೆ. ಉಷ್ಣವಲಯದಲ್ಲಿ ಗಾಳಿಯ ತೇವ ವರ್ಷವಿಡೀ ಒಂದು ಮಟ್ಟಕ್ಕಿಂತ ಮೇಲಿರುವ ಕಡೆ, ತಿಂಗಳಿಗೆ 150 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಫ್ಲೂ ತುದಿ ಮುಟ್ಟುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಈ ಅಳತೆಯನ್ನು ಎಷ್ಟೋ ಸಲ ದಾಟಿದ ಮಳೆ. ಅರಸೀಕೆರೆ, ಕಡೂರಿನ ಬಯಲುಸೀಮೆಯಲ್ಲಿ ಅಷ್ಟಿಲ್ಲ, ಆದರೆ ಬಸ್ಸು ಎರಡನ್ನೂ ಹೊಲಿಯುತ್ತದೆ, ಕಾಯಿಲೆ ವಾರದೊಳಗೆ ಅಲ್ಲಿಗೂ ಇಳಿಯುತ್ತದೆ. ದೇಶದ ಮಟ್ಟದಲ್ಲಿ ಜನವರಿ–ಮಾರ್ಚ್‌ನಲ್ಲಿ ಇನ್ನೊಂದು ತುದಿ ಇದೆ. ನಮಗೆ ದೊಡ್ಡದು ಮಳೆಗಾಲದ್ದು.

ಮಳೆ ತಾನೇ ಕಾಯಿಲೆ ತರುವುದಿಲ್ಲ, ಜನರನ್ನು ಒಳಗೆ ಕೂಡಿಹಾಕುತ್ತದೆ. ಜೂನ್‌ನ ಒಂದು ಬೆಳಿಗ್ಗೆ ಮೂಡಿಗೆರೆ ಕಡೆಯಿಂದ ಚಿಕ್ಕಮಗಳೂರಿಗೆ ಹೊರಟ ಬಸ್ಸನ್ನು ನೋಡಿ: ಎಲ್ಲ ಗಾಜೂ ಎಳೆದಿದೆ, ಒಳಗೆ ಆವಿ ಕಟ್ಟಿ ಹೊರಗಿನ ರಸ್ತೆ ಕಾಣುವುದಿಲ್ಲ, ನಿಂತವರ ಛತ್ರಿಯ ನೀರು ಕೂತವರ ಮಡಿಲಿಗೆ, ಶಾಲೆ ಮಕ್ಕಳು ಬ್ಯಾಗ್ ಸಮೇತ ಬಾಗಿಲವರೆಗೂ. ಗಾಜಿನ ಮೇಲಿನ ಆ ಆವಿಯಲ್ಲಿ ಒಳಗಿರುವವರ ಉಸಿರೂ ಇದೆ ಅನ್ನುವುದನ್ನು ಗಮನಿಸಿ. ಉಸಿರು ಹೊರಗೆ ಹೋಗುತ್ತಿಲ್ಲ ಎಂದು ಯಾವ ಯಂತ್ರವೂ ಇಲ್ಲದೆ ತಿಳಿಯುವ ಗುರುತು ಅದು. ಮುಂದಿನ ಒಂದು, ಹಿಂದಿನ ಒಂದು ಕಿಟಕಿಯನ್ನು ಇರಚಲು ಬೀಳದ ಬದಿಯಲ್ಲಿ ನಾಲ್ಕು ಬೆರಳು ತೆಗೆದಿಟ್ಟರೆ ಗಾಳಿ ಹಾಯುತ್ತದೆ. ಒಂದೇ ಕಿಟಕಿಯನ್ನು ಪೂರ್ತಿ ತೆಗೆದರೆ ಪಕ್ಕದವರು ನೆನೆಯುತ್ತಾರೆ, ಗಾಳಿ ಮಾತ್ರ ಅಲ್ಲೇ ಸುತ್ತುತ್ತದೆ.

ಎಸ್ಟೇಟ್ ಕೂಲಿಯವರ ಲೈನ್ ಮನೆಗಳದ್ದೂ ಇದೇ ಪಾಡು. ಹಳೇ ಮಂಗಳೂರು ಹೆಂಚಿನ ಮಾಡಿನಲ್ಲಿ ಸಂದುಗಳಿಂದ ಗಾಳಿ ತಾನೇ ಆಡುತ್ತದೆ. ಈಗ ಕಟ್ಟಿಸುವ ತಾರಸಿ ಕೋಣೆಗಳಲ್ಲಿ ಸೋರುವ ಕಾಟವಿಲ್ಲ, ಹಾಗೇ ಗಾಳಿಯೂ ಇಲ್ಲ. ಇರುವ ಒಂದು ಕಿಟಕಿಗೆ ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊಡೆದು, ಒಳಗೇ ಸೌದೆ ಒಲೆ ಉರಿಸಿ, ಐದಾರು ಜನ ಮಲಗಿದರೆ ಒಬ್ಬರ ಜ್ವರ ಮೂರನೇ ದಿನಕ್ಕೆ ಎಲ್ಲರದ್ದು. ಹೊಸದಾಗಿ ಕಟ್ಟಿಸುವ ಮಾಲೀಕರು ಎದುರುಬದುರು ಗೋಡೆಗಳಲ್ಲಿ, ಸಜ್ಜೆಯ ಕೆಳಗೆ, ಮುಚ್ಚಲಾಗದ ಜಾಲರಿ ಕಿಂಡಿ ಬಿಡಿಸಿದರೆ ಸಾಕು. ಮುಚ್ಚಲು ಬರುವ ಕಿಂಡಿ ಜೂನ್‌ನಲ್ಲಿ ಖಂಡಿತ ಮುಚ್ಚಿರುತ್ತದೆ.

ಕೋವಿಡ್ ಕಾಲದ ಕ್ರಮಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದದ್ದು ಅಗ್ಗದ್ದು ಮಾತ್ರ. ಫ್ಲೂಗಾಗಿ ಶಾಲೆ ಮುಚ್ಚುವುದು ಮೂರ್ಖತನ. ಶಾಲೆ ಮುಚ್ಚಿದರೆ ಮಕ್ಕಳು ಕಳೆದುಕೊಳ್ಳುವುದು ಎಷ್ಟು ಎಂದು ಆ ಹತ್ತೊಂಬತ್ತು ತಿಂಗಳು ತೋರಿಸಿವೆ. (ನಮ್ಮ ಜಿಲ್ಲಾಧಿಕಾರಿಗಳು ಕೊಡುವ ಮಳೆ ರಜೆ ತಿಳಿಯದೇ ಮಾಡುವ ಫ್ಲೂ ತಡೆ ಅನ್ನಬಹುದೇನೋ, ಆದರೆ ಒಂದೆರಡು ದಿನದ ರಜೆಯಿಂದ ಸರಪಳಿ ಕಡಿಯುವುದಿಲ್ಲ.) ಜ್ವರವಿರುವ ಮಗು ಒಂದನ್ನು ಮನೆಯಲ್ಲಿ ಇರಿಸಿಕೊಂಡರೆ ಇಡೀ ಶಾಲೆ ಮುಚ್ಚುವ ಕೆಲಸದ ದೊಡ್ಡ ಭಾಗ ಆದಂತೆ. ಎಷ್ಟು ದಿನ? ಪ್ಯಾರಾಸಿಟಮಾಲ್ ಇಲ್ಲದೆಯೇ ಪೂರ್ತಿ 24 ಗಂಟೆ ಜ್ವರ ಬಾರದೆ ಇರುವವರೆಗೆ. ಬೆಳಿಗ್ಗೆ ಏಳಕ್ಕೆ ಸಿರಪ್ ಕುಡಿಸಿ, ಮೈ ತಣ್ಣಗಾಯಿತೆಂದು ಎಂಟರ ವ್ಯಾನ್ ಹತ್ತಿಸಿದರೆ ಹನ್ನೊಂದಕ್ಕೆ ಟೀಚರ್ ಫೋನ್ ಬರುತ್ತದೆ, ಅಷ್ಟರಲ್ಲಿ ಬೆಂಚಿನವರಿಗೆಲ್ಲ ಹಂಚಿ ಆಗಿರುತ್ತದೆ. ದಿನಗೂಲಿಯವರ ವಿಷಯವೂ ಹೀಗೆಯೇ. ಕೂಲಿ ಹೋಗುತ್ತದೆಂದು ಜ್ವರದಲ್ಲೇ ಪಿಕಪ್ ಹತ್ತುವವರನ್ನು ಬೈದು ಪ್ರಯೋಜನವಿಲ್ಲ. ಒಬ್ಬರಿಗೆ ಮೂರು ದಿನದ ಕೂಲಿ ಕೊಟ್ಟು ಮನೆಯಲ್ಲಿ ಕೂರಿಸುವುದು, ಗೊಬ್ಬರ ಹಾಕುವ ವಾರದಲ್ಲಿ ಅರ್ಧ ಗ್ಯಾಂಗ್ ಮಲಗುವುದಕ್ಕಿಂತ ಅಗ್ಗ ಎನ್ನುವುದನ್ನು ಎಸ್ಟೇಟ್‌ನ ಲೆಕ್ಕ ಬರೆಯುವ ರೈಟರ್‌ಗಳು ಲೆಕ್ಕ ಹಾಕಿ ನೋಡಲಿ.

ಮಾಸ್ಕ್ ಬಗ್ಗೆ ಒಂದೇ ಮಾತು: ಮಲೆನಾಡಿನ ಮಳೆಯಲ್ಲಿ ಬಟ್ಟೆ ಮಾಸ್ಕ್ ಒಣಗುವುದಿಲ್ಲ. ಒದ್ದೆ ಮಾಸ್ಕ್‌ನಲ್ಲಿ ಉಸಿರು ಬಟ್ಟೆಯ ಮೂಲಕ ಹೋಗದೆ ಪಕ್ಕದ ಸಂದಿನಿಂದ ನುಗ್ಗುತ್ತದೆ. ಕೆಮ್ಮುವವರು, ಅವರ ಆರೈಕೆ ಮಾಡುವವರು, ಆಸ್ಪತ್ರೆ ಸಾಲಲ್ಲಿ ನಿಲ್ಲುವವರು ಒಣಗಿದ ಸರ್ಜಿಕಲ್ ಮಾಸ್ಕ್ ಹಾಕಿದರೆ ಸಾಕು. ಜೇಬಿನಲ್ಲಿ ಎರಡು ಹೆಚ್ಚಿಗೆ ಇರಲಿ, ನೆನೆದದ್ದನ್ನು ಬದಲಾಯಿಸಿ.

ಜ್ವರ ಬಂದಾಗ

ಎಲ್ಲ ಜ್ವರವನ್ನೂ ಫ್ಲೂ ಅಂದುಕೊಳ್ಳುವುದು ನಮ್ಮ ಜಿಲ್ಲೆಗಳಲ್ಲಿ ಅಪಾಯ. ಡಿಸೆಂಬರ್‌ನಿಂದ ಮೇವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನಲ್ಲಿ ಸೌದೆಗೋ ತರಗೆಲೆಗೋ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ಸಿಡಿಯುವ ತಲೆನೋವು, ಕೆಂಪು ಕಣ್ಣು, ಮೈಕೈ ಮುರಿತ ಬಂದರೆ ಮಂಗನ ಕಾಯಿಲೆಯನ್ನೇ ಮೊದಲು ಯೋಚಿಸಬೇಕು. ಅದು ಉಣುಗಿನಿಂದ ಬರುತ್ತದೆ, ಜನರಿಂದ ಜನರಿಗಲ್ಲ. ಫ್ಲೂವಿನ ಜನವರಿ–ಮಾರ್ಚ್ ಅಲೆಯೂ ಅದೇ ತಿಂಗಳುಗಳಲ್ಲಿ ಬರುವುದರಿಂದ ಗೊಂದಲ. ಮನೆಯ ಇನ್ನಿಬ್ಬರಿಗೂ ಕೆಮ್ಮು–ಜ್ವರ ಇದೆಯೇ, ಕಾಡಿಗೆ ಹೋಗಿದ್ದಿರಾ ಎನ್ನುವ ಎರಡು ಪ್ರಶ್ನೆ ಬಹಳಷ್ಟನ್ನು ಬಿಡಿಸುತ್ತದೆ. ಆಶಾ ಕಾರ್ಯಕರ್ತೆಗೆ ಎರಡನೆಯದನ್ನು ಕೇಳದಿದ್ದರೂ ಹೇಳಿ. ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಲಸದವರಲ್ಲಿ ಇಲಿ ಜ್ವರ ಇದೇ ವೇಷದಲ್ಲಿ ಬರುತ್ತವೆ. ಕಾರಣ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಮಕ್ಕಳಿಗೆ ಆಸ್ಪಿರಿನ್ ಯಾವತ್ತೂ ಬೇಡ.

ಫ್ಲೂ ಅಂತಲೇ ಆದರೆ ಕೇಂದ್ರ ಆರೋಗ್ಯ ಸಚಿವಾಲಯದ ಎ, ಬಿ, ಸಿ ವಿಂಗಡಣೆ ಸರಳವಾಗಿದೆ. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಎ: ಪರೀಕ್ಷೆ ಬೇಡ, ಮನೆಯಲ್ಲೇ ಇರಿ, ಒಂದೆರಡು ದಿನಕ್ಕೆ ಮತ್ತೆ ತೋರಿಸಿ. ಜ್ವರ ಹಾಗೂ ಗಂಟಲು ನೋವು ಜೋರಾಗಿದ್ದರೆ ಬಿ. ಸಣ್ಣ ಜ್ವರವೇ ಆದರೂ ಗರ್ಭಿಣಿ, ಪುಟ್ಟ ಮಗು, 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿ ತೊಂದರೆಯವರು ಕೂಡ ಬಿ: ಪರೀಕ್ಷೆಗೆ ಕಾಯದೆ ವೈದ್ಯರು ಫ್ಲೂ ವೈರಸ್ ತಡೆಯುವ ಒಸೆಲ್ಟಮಿವಿರ್ ಮಾತ್ರೆ ಕೊಡಬಹುದು. ಉಸಿರು ಕಟ್ಟುವುದು, ಎದೆ ನೋವು, ಕಫದಲ್ಲಿ ರಕ್ತ, ಉಗುರು ನೀಲಿ, ಮಗು ಹಾಲು ಬಿಟ್ಟು ಮಂಕಾಗುವುದು ಸಿ: ತಕ್ಷಣ ದೊಡ್ಡಾಸ್ಪತ್ರೆ. ದೊಡ್ಡವರಿಗೆ ಒಸೆಲ್ಟಮಿವಿರ್ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ. ಮಕ್ಕಳಿಗೆ ತೂಕ ನೋಡಿ, ಕಿಡ್ನಿ ತೊಂದರೆಯಿದ್ದರೆ ಕಡಿಮೆ ಮಾಡಿ, ಚೀಟಿಯಿಲ್ಲದೆ ತೆಗೆದುಕೊಳ್ಳುವ ಮಾತ್ರೆಯಲ್ಲ. ಲಕ್ಷಣ ಶುರುವಾದ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಉಪಯೋಗ. ತಪ್ಪುವುದು ಇಲ್ಲೇ. ಮೂರು ದಿನ ಕಷಾಯ, ಆಮೇಲೆ ಎರಡು ದಿನ ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್, ಐದನೇ ದಿನ ಮೇಲುಸಿರು ಬಂದಾಗ ಆಸ್ಪತ್ರೆ. ಕಷಾಯದಿಂದ ತೊಂದರೆಯಿಲ್ಲ, ಕಾಯುವುದರಿಂದ ತೊಂದರೆ. ಫ್ಲೂ ವೈರಸ್‌ಗೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ. “ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ” ಎಂದು ಕೇಳಿದರೆ ಸಿಗುವುದು ಹೆಚ್ಚೆಂದರೆ ನಾಲ್ಕು ಗಂಟೆ ಜ್ವರ ಇಳಿಸುವ ಮದ್ದು.

ಲಸಿಕೆಯ ಹೊತ್ತಿನ ಬಗ್ಗೆ ಮಾತ್ರ ಇಂಟರ್‌ನೆಟ್ ಓದಿದವರು ಎಡವುತ್ತಾರೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಾಕಿಸಿಕೊಳ್ಳಿ ಎನ್ನುವುದು ಅಮೆರಿಕದ ಸಲಹೆ. ಅಕ್ಟೋಬರ್‌ನಲ್ಲಿ ಹಾಕಿಸಿಕೊಂಡರೆ ಮುಂದಿನ ಜುಲೈ ಮಳೆಗೆ ಅದರ ಶಕ್ತಿ ಬಹಳ ಇಳಿದಿರುತ್ತದೆ. ನಮ್ಮ ಕಡೆಗೆ ಏಪ್ರಿಲ್–ಮೇ ಸರಿಯಾದ ಕಾಲ, ಆ ವರ್ಷದ ದಕ್ಷಿಣಾರ್ಧಗೋಳದ ದೇಶಗಳ ಸೀಸನ್‌ಗೆ ತಯಾರಾದ ಲಸಿಕೆ. ಡಬ್ಬಿಯ ಮೇಲೆ ವರ್ಷ ಅಚ್ಚಾಗಿರುತ್ತದೆ, ಕೇಳಿ ನೋಡಿ. ಹಾಕಿಸಿಕೊಂಡ ಎರಡು ವಾರಕ್ಕೆ ರಕ್ಷಣೆ ಬರುತ್ತದೆ. ತಳಿ ಹೊಂದಿದ ವರ್ಷದಲ್ಲಿ ಆಸ್ಪತ್ರೆಗೆ ಹೋಗಬೇಕಾದಂಥ ಫ್ಲೂವನ್ನು ನೂರಕ್ಕೆ 40ರಿಂದ 60ರಷ್ಟು ಕಡಿಮೆ ಮಾಡುತ್ತದೆ. ನೆಗಡಿ ಬಂದೇ ಬರುತ್ತದೆ, ಅದಕ್ಕೆ ಲಸಿಕೆ ಸುಳ್ಳು ಎನ್ನಬೇಡಿ. ಸರ್ಕಾರದ ಸಾಮಾನ್ಯ ಲಸಿಕೆ ಪಟ್ಟಿಯಲ್ಲಿ ಇದು ಇಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಹಾಗಾಗಿ ಮನೆಯಲ್ಲಿ ಒಬ್ಬರಿಗೇ ಸಾಧ್ಯವಾದರೆ ಸಕ್ಕರೆ ಕಾಯಿಲೆಯಿರುವ ಅಜ್ಜನಿಗೋ ಬಸುರಿ ಸೊಸೆಗೋ ಮೊದಲು.

ಲಸಿಕೆ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಮುಂಗಾರು ಪೂರ್ವದ ಗಾಳಿಮಳೆಗೆ ಮಲೆನಾಡಿನಲ್ಲಿ ಎರಡು ದಿನ ಕರೆಂಟ್ ಹೋಗುವುದು ಮಾಮೂಲು, ಅದರ ಬಗ್ಗೆ ಎಲ್ಲರೂ ಎಚ್ಚರವಾಗಿರುತ್ತಾರೆ. ಯಾರೂ ಗಮನಿಸದ್ದು ಇನ್ನೊಂದು ಕಡೆಯ ತಪ್ಪು: ಮನೆಬಳಕೆಯ ಫ್ರಿಜ್ಜಿನಲ್ಲಿ ಫ್ರೀಜರ್ ಪೆಟ್ಟಿಗೆಗೆ ಒತ್ತಿಸಿಟ್ಟ ಡಬ್ಬಿ ಹೆಪ್ಪುಗಟ್ಟಿಬಿಡುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಹಾಕುವಂತಿಲ್ಲ, ಎಸೆಯಬೇಕು. ಮಧ್ಯದ ತಟ್ಟೆಯಲ್ಲಿ, ಗೋಡೆಗೆ ತಾಗದಂತೆ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟಿರುವ ಕ್ಲಿನಿಕ್ ಆರಿಸಿಕೊಳ್ಳಿ.

ಆರು ತಿಂಗಳಿಂದ ಎಂಟು ವರ್ಷದೊಳಗಿನ ಮಗುವಿಗೆ ಇದೇ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕು. ಶಾಲೆ ಮೇ ಕೊನೆ, ಜೂನ್ ಮೊದಲಿಗೆ ತೆರೆಯುತ್ತದೆ. ಎರಡನೇ ಡೋಸ್ ಆಗಿ ಎರಡು ವಾರ ಕಳೆದಿರಬೇಕು ಎಂದು ಹಿಂದಕ್ಕೆ ಎಣಿಸಿದರೆ ಮೊದಲನೆಯದು ಏಪ್ರಿಲ್ ಮಧ್ಯಕ್ಕೆ ಬೀಳುತ್ತದೆ. ಹೊಸ ವರ್ಷದ ಲಸಿಕೆ ಎಷ್ಟೋ ಸಲ ತಾಲೂಕು ಅಂಗಡಿಗೆ ಅಷ್ಟು ಬೇಗ ತಲುಪಿರುವುದಿಲ್ಲ. ಯುಗಾದಿ ಆಸುಪಾಸಿನಲ್ಲೇ ಮೆಡಿಕಲ್ ಸ್ಟೋರ್‌ನವರಿಗೆ ಹೇಳಿಟ್ಟು ಹಾಸನದಿಂದಲೋ ಬೆಂಗಳೂರಿನಿಂದಲೋ ತರಿಸಿಕೊಳ್ಳುವುದು ವಾಸಿ. ಮೊದಲ ಡೋಸ್ ಮೇನಲ್ಲಿ ಆದರೂ ಎರಡನೆಯದನ್ನು ಬಿಡಬೇಡಿ, ಮಲೆನಾಡಿನ ಮಳೆ ಸೆಪ್ಟೆಂಬರ್‌ವರೆಗೂ ಇದೆ.